ಸುಣ್ಣದ ಗುಂಡಿಗೆ ಇಳಿಯದವನು

"ಆ ಮುದುಕೀನ ಹಿಂದಕ್ಕೆ ಕಳಿಸ್ರಿ. ಚರ್ಮದ ನಾತ ತಡ್ಯಕ್ಕಾಗ್ತಿಲ್ಲ," ಎಂದು ಇನ್ಸ್‌ಪೆಕ್ಟರು ಸಾಕ್ಷಿಕಟ್ಟೆಯಿಂದಲೇ ಜವಾನನಿಗೆ ಹೇಳಿದ. ನಾನು ಮಿಸುಕಲಿಲ್ಲ. ಅವನ ಮುಖ ಹುಳ್ಳಗಾಗುವುದನ್ನು ಹತ್ತಿರದಿಂದ ನೋಡಬೇಕೆಂದೇ ಮುಂದಿನ ಬೆಂಚು ಹಿಡಿದಿದ್ದೆ.

ನನ್ನ ದೊಡ್ಡ ಮಗ ಚರ್ಮ ಹದಮಾಡುವ ಕಾರ್ಖಾನೆಯ ಸುಣ್ಣದ ಗುಂಡಿಯಲ್ಲಿ ಹೆಣವಾಗಿ ಸಿಕ್ಕಿದ್ದ. ಬೂಟು ಕೊಡದೆ ಇಳಿಯಲ್ಲ ಎಂದು ಎಲ್ಲರ ಕೆಲಸ ನಿಲ್ಲಿಸಿದ್ದವನು ಅವನು. ಚಾಕು ಹಾಕಿ ಕೊಂದದ್ದು ತಮ್ಮನೇ ಎಂದು ಈ ಇನ್ಸ್‌ಪೆಕ್ಟರು ಬರೆದ. ಚಿಕ್ಕವನು ಆಗಿನಿಂದ ಜೈಲಿನಲ್ಲಿದ್ದಾನೆ. ಅವನಿಗೂ ಗಲ್ಲಾದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವರು ಯಾರೂ ಉಳಿಯುವುದಿಲ್ಲ.

ನಮ್ಮ ವಕೀಲಮ್ಮ ಎದ್ದಳು.

"ಗುಂಡಿಗೆ ಇಳಿದು ನೋಡಿದ್ರಾ?"

"ಮೇಲಿಂದ ನೋಡ್ದೆ."

"ಯಾಕೆ ಇಳೀಲಿಲ್ಲ?"

"ಮನುಷ್ಯರು ಇಳಿಯೋ ಜಾಗ ಅಲ್ಲ ಮೇಡಂ ಅದು."

"ಸತ್ತೋನು ದಿನಾ ಇಳೀತಿದ್ದ. ಗುಂಡಿಯಿಂದ ಚಾಕು ತೆಗೆದುಕೊಟ್ಟಿದ್ದು ಯಾರು?"

"ಕಾರ್ಖಾನೆ ಧಣಿಗಳ ಕಾವಲುಗಾರ."

"ಅದು ತಮ್ಮಂದೇ ಅಂದಿದ್ದು?"

"ಧಣಿಗಳು."

"ಧಣಿಗಳ ಮನೆ ಹುಡುಕಿದ್ರಾ?"

ಅವನು ಹಿಂದಿನ ಬೆಂಚಿನಲ್ಲಿ ಕೂತಿದ್ದ ಧಣಿಯ ಕಡೆ ನೋಡಿದ. ನನ್ನ ಹೊಟ್ಟೆ ತುಸು ತಣ್ಣಗಾಯಿತು. ಸಾಲಲಿಲ್ಲ, ಇನ್ನೂ ಬೇಕಿತ್ತು.

ಜಾಗವನ್ನೇ ನೋಡಿಬಿಡೋಣ ಎಂದು ಜಡ್ಜು ಮರುದಿನ ಎಲ್ಲರನ್ನೂ ಕಾರ್ಖಾನೆಗೆ ಕರೆಸಿದರು. ಬಂದ ಮೇಲೆ ಜಡ್ಜು ಮಾತ್ರ ಮೂಗು ಮುಚ್ಚಿಕೊಂಡು ಕಾರಿನಲ್ಲೇ ಉಳಿದರು. "ಹೆಣ ಎಲ್ಲಿತ್ತು, ಇಳಿದು ತೋರಿಸ್ರಿ," ಎಂದು ಕಿಟಕಿಯಿಂದ ಹೇಳಿದರು.

"ಥೂ, ಇವನವ್ವನ," ಎಂದು ಗೊಣಗುತ್ತ ಇನ್ಸ್‌ಪೆಕ್ಟರು ಏಣಿ ಇಳಿದ. ಎರಡಾಳು ಆಳದ ಗುಂಡಿ. ನೀರು ಬಸಿದಿದ್ದರೂ ತಳದ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಹೋದ. ನಾನು ಕಾರ್ಖಾನೆಯಲ್ಲಿ ಜೊತೆಗೆ ದುಡಿಯುವ ಹೆಂಗಸರಿಗೆ ಕಣ್ಣು ಮಾಡಿದೆ. ಎಲ್ಲರೂ ಸೇರಿ ಏಣಿ ಮೇಲೆಳೆದೆವು.

"ಏಯ್ ಬೋಳಿಮುಂಡೆ, ಇಳಿಸೇ ಏಣಿ!"

ವಕೀಲಮ್ಮ ನನ್ನ ರಟ್ಟೆ ಹಿಡಿದಳು. "ಬೇಡಮ್ಮ, ಗೆಲ್ಲೋ ಕೇಸು ಕೆಟ್ಟೋಗುತ್ತೆ."

"ನೀನು ಕೇಳಿದ್ದಾಯ್ತಲ್ಲ ತಾಯಿ. ಈಗ ನಾನು ಕೇಳ್ತೀನಿ," ಎಂದು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಉರಿ ಹತ್ತಿತಾ ಸಾಹೇಬ್ರೇ? ಇನ್ನೂ ಹತ್ತುತ್ತೆ. ಅವತ್ತು ನೋಡ್ದೇ ಬಿಟ್ಟಿದ್ದನ್ನ ಈಗ ಬಗ್ಗಿ ಕೆದಕಿ ನೋಡು. ನನ್ ಮಗನ್ನ ಅಲ್ಲಿಗೆ ಕೆಡವಿದೋರು ಯಾರು? ಧಣಿಗೆ ಕೇಳಿಸ್ಬೇಕು, ಗಟ್ಟಿಯಾಗಿ ಬೊಗಳು."

ಅವನು ಕೆಮ್ಮತೊಡಗಿದ. ಪೊಲೀಸರು ಲಾಠಿ ಹಿಡಿದು ಓಡಿ ಬಂದರು. ನಮ್ಮ ಹೆಂಗಸರೆಲ್ಲ ಏಣಿಯ ಮೇಲೆ ಕೂತರು.