ಲೂಮ್‌ಗೇಟಿನ ನೆಲಮಾಳಿಗೆ

ಮತ್ತೆ ಕೆರೆದುಕೊಳ್ಳುತ್ತಿದ್ದಾನೆ, ಎಡಗಿವಿಯ ಹಿಂದೆ, ಮೈಕಿನ ಮುಂದೆ ಕೂತರೂ ಆ ಚಾಳಿ ಬಿಟ್ಟಿಲ್ಲ, ಉಗುರಿನ ಕರಕರ ಸ್ಪೀಕರಿನಲ್ಲಿ ಇಡೀ ಸಭೆಗೆ ಕೇಳುತ್ತಿದೆ, ಅವನಿಗೊಬ್ಬನಿಗೆ ಕೇಳುತ್ತಿಲ್ಲ — ಈ ಮುಖ ನೋಡದೆ ಗೌಹರ್‌ಗೆ ಹತ್ತೊಂಬತ್ತು ವರ್ಷವಾಗಿತ್ತು, ಕೂದಲು ಬೆಳ್ಳಗಾಗಿದೆ, ಕನ್ನಡಕ ದುಬಾರಿಯದಾಗಿದೆ, ಅಷ್ಟೆ. ಹಿಂದಿನ ಪರದೆಯಲ್ಲಿ ಆಳೆತ್ತರದ ಅಕ್ಷರ, ಚಂದ್ರಶೇಖರ, ಲೂಮ್‌ಗೇಟ್ ರೆಕಾರ್ಡ್ಸ್ ಸಂಸ್ಥಾಪಕ, ಸಂಸ್ಥಾಪಕ, ಏಕವಚನ, ಮೂವರು ಸೇರಿ ಹುಟ್ಟಿಸಿದ ಕಂಪನಿಗೆ ಒಬ್ಬನೇ ಅಪ್ಪ. ಕಿಟಕಿಯಾಚೆ ಪೇಟೆಯ ನಡುವಿನ ಡೆನ್ನಿ ಟ್ರಯಾಂಗಲ್‌ನ ಗಾಜಿನ ಗುಮ್ಮಟಗಳ ಮೇಲೆ ಮಧ್ಯಾಹ್ನದ ಮಂಕು ಬೆಳಕು, ಪಕ್ಕದ ಕುರ್ಚಿಯಲ್ಲಿ ಅನಮ್, ಅಮ್ಮಿ, ಬಿ ನೈಸ್, ಅನ್ನುತ್ತಾಳೆ ಮಗಳು, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅವಳೇ ಟಿಕೆಟ್ ತೆಗೆದು ಶೋರ್‌ಲೈನ್‌ನ ಮನೆಯಿಂದ ರೈಲು ಹತ್ತಿಸಿ ಕರೆತಂದಿದ್ದು, ಚಂದ್ರು ಅಂಕಲ್ ಇಲ್ಲೇ ರೆಡ್ಮಂಡ್‌ಗೆ ಬಂದಿದ್ದಾರಂತೆ, ತಮ್ಮನ ಮನೆಗೆ, ಅಬ್ಬನ ಹೆಸರು ಹೇಳಿದರೂ ಹೇಳಬಹುದು ಅಂತ. ಮುಕ್ಕಾಲು ಗಂಟೆಯಾಯಿತು, ಇನ್ನೂ ಹೇಳಿಲ್ಲ.

ಲೆಸ್ಟರ್ ಊರು, ಅನ್ನುತ್ತಿದ್ದಾನೆ ಚಂದ್ರು ಈಗ, ಸಾವಿರದ ಒಂಬೈನೂರ ತೊಂಬತ್ತಾರು, ಕಾಲುಚೀಲದ ಅಂಗಡಿಯ ನೆಲಮಾಳಿಗೆಯಲ್ಲಿ ನಾನು ಈ ರೆಕಾರ್ಡ್ ಲೇಬಲ್ ಶುರುಮಾಡಿದೆ — ನಾನು! ಆ ನೆಲಮಾಳಿಗೆಯ ಬಾಡಿಗೆ ಮಾತಾಡಿದ್ದು ಗೌಹರ್, ಹೊಸ ನೂಲಿನ ಘಾಟಿಗೆ ಮೂಗಿಗೆ ಸೆರಗು ಹಿಡಿದುಕೊಂಡು, ಬಸುರಿ, ಅನಮ್ ಹೊಟ್ಟೆಯಲ್ಲಿ. ಮೈಸೂರಿನ ಮಂಡಿ ಮೊಹಲ್ಲಾದಿಂದ ತಂದ ಬುಲ್ಬುಲ್ ತರಂಗಕ್ಕೆ ಗಿಟಾರಿನ ಆಂಪ್ಲಿಫಯರ್ ಸಿಕ್ಕಿಸಿ, ಚಂದ್ರಣ್ಣ, ಇದನ್ನ ಒಂದ್ಸಲ ಕೇಳಿ, ಎಂದದ್ದು ರೆಹಾನ್, ಅವಳ ಗಂಡ, ಮಕ್ಕಳ ಆಟಿಕೆಯಂಥ ಆ ಪೆಟ್ಟಿಗೆಯಿಂದ ಗೋಡೆಯ ಸುಣ್ಣ ಉದುರುವಂಥ ನಾದ. ಚಂದ್ರು ಮಾಡಿದ್ದು ಮಾರಾಟ, ಅದನ್ನು ಚೆನ್ನಾಗಿ ಮಾಡಿದ, ಒಪ್ಪಿಕೊಳ್ಳಲು ಮೈ ಉರಿಯುತ್ತದೆ, ಆದರೂ ಚೆನ್ನಾಗಿ ಮಾಡಿದ, ಹಳೇ ವ್ಯಾನಿನಲ್ಲಿ ಊರೂರು ಸುತ್ತಿದ, ಲಂಡನ್ನಿನ ರೇಡಿಯೋದವನೊಬ್ಬ ಒಂದೇ ಗಂಟೆಯಲ್ಲಿ ಎರಡು ಸಲ ರೆಹಾನನ ಹಾಡು ಹಾಕಿದ, ಮಾರನೆಯ ದಿನ ಕಾಲುಚೀಲದ ಅಂಗಡಿಯ ಮುಂದೆ ಕೊಳ್ಳುವವರ ಸಾಲು ಮೀನಿನ ಅಂಗಡಿ ದಾಟಿತ್ತು, ಅವಳು ಕವರುಗಳಿಗೆ ಮೊಹರು ಒತ್ತಿ ಒತ್ತಿ ಬೆರಳು ನೀಲಿ, ಮಗು ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ನಿದ್ದೆ.

ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಯಾವುದಕ್ಕೋ, ಪರದೆಯ ಮೇಲೆ ಲಂಡನ್ ಆಫೀಸಿನ ಚಿತ್ರ ಬಂದಿದೆ, ಹೌದು, ಆ ಚರ್ಮದ ಸೋಫಾ, ಅದರ ಮೇಲೆ ಒಂದೇ ಥರ ಕೂದಲು ಬಿಟ್ಟ ಹುಡುಗರು, ಹನ್ನೆರಡು ತಂಡ, ಒಂದರ ಹಾಡು ಇನ್ನೊಂದರಂತೆ. ರೆಹಾನ್, ನಿನ್ ವಾದ್ಯ ಸ್ವಲ್ಪ ಹಳೇದಾಯ್ತಪ್ಪ, ಎಂದಿದ್ದು ಅದೇ ಸೋಫಾದ ಮೇಲೆ ಕೂತು, ಕಿವಿ ಕೆರೆಯುತ್ತಾ. ರೆಹಾನ್ ನಕ್ಕು ಲೆಸ್ಟರಿನ ರೈಲು ಹತ್ತಿದ. ಆಮೇಲೆ ಹಾಡುಗಳು ಕಂಪ್ಯೂಟರಿನಲ್ಲಿ ಬಿಟ್ಟಿ ಸಿಗತೊಡಗಿದವು, ಡಿಸ್ಕುಗಳು ಅಂಗಡಿಯಿಂದ ವಾಪಸು ಬಂದವು, ಹನ್ನೆರಡು ತಂಡ ಏಳಾಯಿತು, ಎರಡಾಯಿತು, ಸೋಫಾವನ್ನೂ ಯಾರೋ ಒಯ್ದರು, ಆಗ ನೆನಪಾಯಿತು ಇವನಿಗೆ ನೆಲಮಾಳಿಗೆ, ವಾಪಸು ಬಂದ. ಅಲ್ಲಿ ರೆಹಾನ್ ಇದ್ದ, ಎರಡೂ ಕಿಡ್ನಿ ಸೋತು ವಾರಕ್ಕೆ ಮೂರು ದಿನ ಆಸ್ಪತ್ರೆ, ನಾಲ್ಕು ದಿನ ನೆಲಮಾಳಿಗೆ, ತೋಳಿನ ಬ್ಯಾಂಡೇಜು ತಂತಿಗೆ ತಾಕದ ಹಾಗೆ ಮೊಣಕೈ ಎತ್ತಿ ನುಡಿಸುತ್ತಿದ್ದ, ಆ ಚಳಿಗಾಲ ಹನ್ನೊಂದು ಹಾಡು ಮುಗಿಸಿದ, ಹಳೇ ದೊಡ್ಡ ಟೇಪಿನ ಸುರುಳಿಯ ಮೇಲೆ, ನಕಲು ಮಾಡಿಸಲು ಕೂಡ ಯಾರೂ ದಿಕ್ಕಿಲ್ಲದೆ. ಮಾರ್ಚಿನಲ್ಲಿ ಹೋದ. ಸುರುಳಿಯ ಡಬ್ಬದ ಮೇಲೆ ಅವಳು ಕನ್ನಡದಲ್ಲಿ ಬರೆದಳು, ರೆಹಾನ್, ಹನ್ನೊಂದು ಹಾಡು, ಯಾರೂ ಮುಟ್ಟಬೇಡಿ — ಆ ಕಟ್ಟಡದಲ್ಲಿ ಅದನ್ನು ಓದಬಲ್ಲವನು ಇನ್ನೊಬ್ಬನೇ ಇದ್ದ.

ಮರುವರ್ಷ ಎಂಟು ವರ್ಷದ ಅನಮ್ ಜೊತೆ ಅಣ್ಣ ಎಜಾಜನ ಮನೆಗೆ, ಶೋರ್‌ಲೈನ್‌ಗೆ, ಹೊರಟಾಗ ಡಬ್ಬ ಕೇಳಿದಳು. ವಿಮಾನದ ಎಕ್ಸ್‌ರೇಲಿ ಹಾಳಾಗತ್ತೆ ಕಣಮ್ಮ, ಇಲ್ಲೇ ಇರ್ಲಿ, ನಾನ್ ಕಾಯ್ತೀನಿ, ಎಂದ ಚಂದ್ರು. ನಂಬಿದಳು. ಒಂದು ವರ್ಷಕ್ಕೆ ಫೋನ್, ಗೌಹರ್, ನೆಲಮಾಳಿಗೆಗೆ ನೀರು ನುಗ್ಬಿಡ್ತಮ್ಮ, ಏನೂ ಉಳೀಲಿಲ್ಲ, ರೆಹಾನ್‌ದೂ ಹೋಯ್ತು — ಬಿಕ್ಕಿ ಬಿಕ್ಕಿ ಅತ್ತ, ಅವಳೇ ಸಮಾಧಾನ ಹೇಳಿದಳು, ಬಿಡಿ ಚಂದ್ರಣ್ಣ, ನೀರಿಗೆ ನೀವೇನ್ ಮಾಡಕ್ಕಾಗತ್ತೆ, ಊಟ ಮಾಡಿ ಮಲ್ಕೊಳ್ಳಿ ಅಂತ. ಊಟ ಮಾಡಿ ಮಲ್ಕೊಳ್ಳಿ!

ಯಾರೋ ಕೇಳುತ್ತಿದ್ದಾರೆ ಮುಂದಿನ ಸಾಲಿನಿಂದ, ಕೊನೆಗೆ ಏನಾಯಿತು, ಲೇಬಲ್ ಹೇಗೆ ಮುಗಿಯಿತು. ನಗುತ್ತಾನೆ. ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು, ಅವರಿಗೆ ಬೇಕಾದದ್ದು ಹೆಸರು ಮತ್ತು ಹಳೇ ಜನಪ್ರಿಯ ಹಾಡುಗಳ ಹಕ್ಕು, ನೆಲಮಾಳಿಗೆ ಶುಕ್ರವಾರದೊಳಗೆ ಖಾಲಿಯಾಗಬೇಕಿತ್ತು, ಬೀದಿಯಲ್ಲಿ ಎರಡು ಕಸದ ಕಂಟೇನರ್ ತಂದು ನಿಲ್ಲಿಸಿದೆವು, ನೂರಾರು ಟೇಪು, ನಾನೇ ಒಂದೊಂದಾಗಿ ಹೊತ್ತು ಎಸೆದೆ, ಲೆಸ್ಟರಿನಲ್ಲಿ ಅಂಥ ಬಿಸಿಲು ನಾನು ಕಂಡೇ ಇಲ್ಲ, ಅಂಗಿ ಬಿಚ್ಚಿಟ್ಟು ಕೆಲಸ ಮಾಡಿದೆ. ಸಭೆ ನಗುತ್ತದೆ. ಬಿಸಿಲು ಅಂದನೇ — ಬಿಸಿಲೇ ಅಂದ — ಒಂದೊಂದಾಗಿ ಅಂದ, ಒಂದೊಂದಾಗಿ ಅಂದರೆ ಕೈಗೆತ್ತಿಕೊಂಡು, ಕೈಗೆತ್ತಿಕೊಂಡರೆ ಓದದೆ ಇರಲಾಗದು, ಬಸವನಗುಡಿಯಲ್ಲಿ ಓದಿದವನಿಗೆ ಯಾರೂ ಮುಟ್ಟಬೇಡಿ ಅನ್ನುವುದು ಓದಲು ಬಾರದೇ. ಕಾಲು ತಾನಾಗಿ ಎದ್ದು ನಿಂತಿದೆ, ಅನಮ್ ಸೆರಗು ಹಿಡಿದು ಎಳೆಯುತ್ತಿದ್ದಾಳೆ, ಯಾರೋ ಮೈಕ್ ತಂದು ಕೊಡುತ್ತಾರೆ, ಅದು ತಣ್ಣಗಿದೆ.

ಚಂದ್ರಣ್ಣ, ನೀರು ಎಷ್ಟೆತ್ತರ ಬಂದಿತ್ತು?

ಕಣ್ಣು ಕಿರಿದುಮಾಡಿ ನೋಡಿದ, ಗುರುತು ಹತ್ತಿತು. ಆಮೇಲೆ ಕನ್ನಡ ಬಾರದ ಸಭೆಯತ್ತ ತಿರುಗಿ ಇಂಗ್ಲಿಷಿನಲ್ಲಿ, ನಮ್ಮೂರ ಕಡೆಯ ಹಳೇ ಸ್ನೇಹಿತೆ, ಶುಭ ಹಾರೈಸುತ್ತಿದ್ದಾರೆ. ಎಷ್ಟು ಸಲೀಸು! ಜನ ಚಪ್ಪಾಳೆಗೆ ಕೈ ಎತ್ತಿದರು, ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಕುರ್ಚಿ ಸರಿದ ಸದ್ದು, ಅನಮ್ ನಿಂತಿದ್ದಾಳೆ, ಮೈಕೂ ಬೇಡ ಅವಳಿಗೆ, ನೋ, ಎಂದಳು, ಅಮ್ಮ ಶುಭ ಹಾರೈಸಲಿಲ್ಲ, ನೀವು ಅಪ್ಪನ ಟೇಪು ಪ್ರವಾಹದಲ್ಲಿ ಹೋಯಿತು ಅಂದಿದ್ದಿರಿ, ನೀರು ಎಷ್ಟೆತ್ತರ ಬಂದಿತ್ತು ಅಂತ ಕೇಳುತ್ತಿದ್ದಾಳೆ. ಆಗ ಅವನ ಬಲಗೈ ಮೇಜಿನಿಂದ ಇಳಿಯಿತು, ಅವನನ್ನು ಕೇಳದೆಯೇ ಇಳಿದಂತೆ, ಮೊಣಕಾಲಿನ ಪಕ್ಕಕ್ಕೆ ಬಂದು ಗಾಳಿಯಲ್ಲಿ ನಿಂತಿತು, ಅಂಗೈ ಕೆಳಮುಖ, ಬೆರಳು ಬಿಗಿಯಾಗಿ ಜೋಡಿಸಿ, ಇಷ್ಟು ಎಂಬಂತೆ. ಇಡೀ ಸಭೆ ಆ ಕೈ ನೋಡಿತು. ಅವನೂ ನೋಡಿದ. ತೆಗೆಯಲು ಹೊಳೆಯಲಿಲ್ಲ. ಗೌಹರ್, ಶುಕ್ರವಾರದ ಗಡುವಿತ್ತಮ್ಮ, ಎಂದ, ಕನ್ನಡದಲ್ಲಿ, ಸಣ್ಣಗೆ. ಓದಿದ್ರಾ, ಎಂದಳು ಅವಳು, ಡಬ್ಬದ ಮೇಲೆ ಬರ್ದಿದ್ದು ಓದಿದ್ರಾ. ಹೂಂ, ಎಂದ. ಅವಳು ಮೈಕನ್ನು ಕುರ್ಚಿಯ ಮೇಲಿಟ್ಟು ಹೊರಟಳು, ದಾರಿಗೆ ಅಡ್ಡವಿದ್ದ ಮೊಣಕಾಲುಗಳೆಲ್ಲ ಸರಿದು ಜಾಗ ಬಿಟ್ಟವು.

ಈಗ ರೈಲು ಸುರಂಗದಿಂದ ಹೊರಬಿದ್ದು ಶೋರ್‌ಲೈನ್ ಕಡೆ ಓಡುತ್ತಿದೆ, ಅನಮ್ ಅಳುತ್ತಿದ್ದಾಳೆ, ಅಮ್ಮಿ, ಆರ್ ಯೂ ಓಕೆ, ಅತ್ತುಕೊಳ್ಳಲಿ, ಇವತ್ತು ಯಾರಿಗೂ ಸಮಾಧಾನ ಹೇಳುವುದಿಲ್ಲ, ಗೌಹರ್‌ಗೆ ಬೇಕಾಗಿರುವುದು ಮೂರನೆಯ ಹಾಡು, ಹನ್ನೊಂದರಲ್ಲಿ ಅದೊಂದು ಪೂರ್ತಿ ಗೊತ್ತಿತ್ತು, ಅಡುಗೆ ಮಾಡುತ್ತಾ ಗುನುಗುತ್ತಿದ್ದಳು, ಬರುತ್ತದೆ, ಬರಲೇಬೇಕು, ಮೊದಲು ಮೇಲಿನ ತಂತಿ, ಒಂದು ಎಳೆತ, ಆಮೇಲೆ ರೆಹಾನ್ ಉಸಿರು ಬಿಡುವುದೂ ಕೇಳುತ್ತದೆ, ನಾಲ್ಕು ಸ್ವರ ಬಂದವು, ಐದನೆಯದಕ್ಕೆ — ಕೈ. ಮತ್ತೆ ಮೊದಲಿನಿಂದ, ಮೇಲಿನ ತಂತಿ, ಎಳೆತ, ಉಸಿರು — ಕೈ, ಗಾಳಿಯಲ್ಲಿ. ಮತ್ತೆ, ಮೇಲಿನ ತಂತಿ — ಅಂಗೈ ಕೆಳಮುಖ, ಮೊಣಕಾಲಿನ ಪಕ್ಕ, ಇಷ್ಟು, ಒಣಕೈ, ಇಷ್ಟು —