ಅಡುಗೆಮನೆಯ ಗೇಟು

ನಮ್ಮ ಭಾವ ಹಾಲ್ ತುಂಬಾ ಆಟದ ರೈಲಿನ ಹಳಿ ಹಾಸಿ, ಅಡುಗೆಮನೆ ಬಾಗಿಲಿಗೊಂದು ರೈಲ್ವೆ ಗೇಟನ್ನೂ ಕೂರಿಸಿದ್ದಾರೆ. ರೈಲು ದಾಟುವವರೆಗೆ ಅಕ್ಕ ಬಿಸಿ ಪಾತ್ರೆ ಹಿಡಿದು ನಿಂತಿರಬೇಕು.

ಚಿಕ್ಕಮ್ಮನ ಮಗಳ ಮದುವೆಗೆ ಹೊರಟ ದಿನ, ಗ್ಯಾಸ್ ಆರಿಸಲು ಒಳಹೋದ ಅಕ್ಕನ ಹಿಂದೆಯೇ ಗೇಟು ಬಿತ್ತು. ಗೂಡ್ಸ್ ಗಾಡಿಯೋ ಸೋಫಾದಡಿ ಕೆಟ್ಟು ನಿಂತಿತ್ತು.

"ರೀ, ನಿಜವಾದ ರೈಲು ತಪ್ಪುತ್ತೆ! ದಾಟಿ ಬರ್ತೀನಿ."

"ಮುಚ್ಚಿದ ಗೇಟು ದಾಟೋದು ಅಪರಾಧ ಕಣೇ!"

ಗಾಡಿ ರಿಪೇರಿಯಾಗಿ ಗೇಟು ಎದ್ದ ಮೇಲೆ, ನಾವು ಮೂವರೂ ಏದುಸಿರು ಬಿಡುತ್ತಾ ಸ್ಟೇಷನ್ ಮುಟ್ಟಿದಾಗ ರೈಲು ಹೋಗಿಯಾಗಿತ್ತು. "ಎರಡು ನಿಮಿಷ ಕಾಯೋಕಾಗಲ್ವಾ? ಇವರಿಗೆ ರೈಲು ಓಡಿಸೋಕೆ ಬರುತ್ತಾ?" ಎಂದು ಭಾವ ಹರಿಹಾಯ್ದರು.

ಮನೆಗೆ ಮರಳಿದ ಮೇಲೆ ಭಾವ ಹೊಟ್ಟೆ ಹಸಿದು ಅಡುಗೆಮನೆಯತ್ತ ನಡೆದರೆ, ಗೇಟು ಬಿದ್ದಿತ್ತು. ಒಳಗಿನಿಂದ ಅಕ್ಕನ ದನಿ ಕೇಳಿತು:

"ಪ್ರಯಾಣಿಕರ ಗಮನಕ್ಕೆ. ಊಟದ ಗಾಡಿ ಇವತ್ತು ರದ್ದಾಗಿದೆ. ಗೇಟು ದಾಟೋದು ಅಪರಾಧ."