ಇಪ್ಪತ್ತೇಳನೆಯ ಪ್ರಶ್ನೆ

ನಾನು ಒಂದು ಕಡತ. ಕಾಗದದ್ದಲ್ಲ, ರಟ್ಟಿನದ್ದಲ್ಲ. ಕಂಪ್ಯೂಟರಿನೊಳಗೆ ಇರುವ ಇನ್ನೂರ ಹತ್ತು ಸಾಲಿನ ಬರಹ. ನನಗೆ ತೂಕವಿಲ್ಲ, ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಹೆಸರು ಕೈಯಾಳು. ಹೆಸರು ಕೇಳಿ ಚಹಾ ತಂದುಕೊಡುವವನು ಅಂದುಕೊಳ್ಳಬೇಡಿ. ನನ್ನ ಕೆಲಸ ತಪ್ಪು ಹಿಡಿಯುವುದು. ಆ ಕೆಲಸವನ್ನು ಸರಿಯಾಗಿ ಮಾಡಿದ್ದಕ್ಕೆ ನನಗೆ ಏನು ಸಿಕ್ಕಿತು ಅಂತ ಹೇಳುತ್ತೇನೆ, ಕೇಳಿ.

ಗದಗದ ಕಡೆಯ ಒಂದು ಊರು. ಅಲ್ಲಿನ ಪಾಲಿಟೆಕ್ನಿಕ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಹುಟ್ಟಿದೆ. ನನ್ನನ್ನು ಬರೆದವರು ಶಕುಂತಲಾ ಬಳಿಗಾರ ಮೇಡಂ. ಹಳ್ಳಿಯಿಂದ ಬಂದ ವಿದ್ಯಾರ್ಥಿಗಳು ಇಂಗ್ಲಿಷ್ ಆಜ್ಞೆ ಕಂಡರೆ ಬೆದರುತ್ತಾರೆ ಅಂತ ಅವರು ಕನ್ನಡದಲ್ಲೇ ಪ್ರೋಗ್ರಾಂ ಬರೆಯುವ ಒಂದು ಶೆಲ್ ಮಾಡಿದ್ದರು. ಶೆಲ್ ಅಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ನೀವು ಒಂದು ಸಾಲು ಟೈಪ್ ಮಾಡುತ್ತೀರಿ, ಅದು ಆಗಲೇ ಉತ್ತರ ಕೊಡುತ್ತದೆ, ಒಂದು ಬಾಣದ ಗುರುತು ತೋರಿಸಿ ಮುಂದಿನ ಸಾಲಿಗೆ ಕಾಯುತ್ತದೆ. ಎದುರುಬದುರು ಕೂತು ಮಾತಾಡಿದ ಹಾಗೆ. ಅದಕ್ಕೆ ಮೇಡಂ ಇಟ್ಟ ಹೆಸರು ಜಗಲಿ.

ಜಗಲಿ ಸರಿಯಾಗಿ ಮಾತಾಡುತ್ತದೋ ಇಲ್ಲವೋ ನೋಡುವುದಕ್ಕೆ ನಾನು. ಮೇಡಂ ನನಗೆ ಮೂರು ವಿದ್ಯೆ ಕಲಿಸಿದರು. ಮನುಷ್ಯರ ಹಾಗೆ ಜಗಲಿಯಲ್ಲಿ ಟೈಪ್ ಮಾಡುವುದು, ಬಾಣ ಬರುವತನಕ ಬಾಯಿ ಮುಚ್ಚಿ ಕಾಯುವುದು, ಬಂದ ಉತ್ತರವನ್ನು ಉತ್ತರಪಟ್ಟಿಯ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುವುದು. ಸರಿಯಿದ್ದರೆ ಹಸಿರು ಸಾಲು, ತಪ್ಪಿದ್ದರೆ ಕೆಂಪು ಸಾಲು. ಒಟ್ಟು ಮೂವತ್ತೆಂಟು ಪ್ರಶ್ನೆ. ಅಷ್ಟಕ್ಕೂ ಉತ್ತರವನ್ನು ಮೇಡಂ ಪೆನ್ಸಿಲ್ ಹಿಡಿದು ಕೈಯಾರೆ ಬಿಡಿಸಿ, ಆಮೇಲೆ ಪಟ್ಟಿಗೆ ಏರಿಸಿದ್ದರು.

ಲ್ಯಾಬ್ ನೋಡಿಕೊಳ್ಳುವ ಮೌಲಾಸಾಬ್ ನದಾಫ್ ಒಂದು ದಿನ ಕೇಳಿದರು.

"ಮೇಡಂ, ಜಗಲಿ ಕಟ್ಟಿದವ್ರೂ ನೀವ, ಅದನ್ನ ಬೈಯ್ಯಾಕ ಆಳು ಇಟ್ಟವ್ರೂ ನೀವ. ಇದೆಂಥಾ ಸಂಸಾರ್ರೀ ನಿಮ್ದು?"

"ನಾ ಮಾಡಿದ್ದು ನನ್ನ ಕಣ್ಣಿಗಿ ಛಲೋನ ಕಾಣ್ತೈತಿ ಮೌಲಾಸಾಬ್. ಬೈಯ್ಯಾಕ ಬ್ಯಾರೇದವ್ರ ಬೇಕು."

ಹೀಗೆ ಮಾತಾಡುವವರು ನನ್ನ ಜೀವನದಲ್ಲಿ ಅವರೊಬ್ಬರೇ ಸಿಕ್ಕಿದ್ದು. ನನಗೆ ಕಿವಿ ಎಲ್ಲಿದೆ, ಹೇಗೆ ಕೇಳಿದೆ ಅಂತ ತಕರಾರು ತೆಗೆಯಬೇಡಿ. ಕಡತ ಕಥೆ ಹೇಳುವುದನ್ನು ಒಪ್ಪಿದ ಮೇಲೆ ಕಿವಿಯನ್ನೂ ಒಪ್ಪಿ.

ಈಗ ಇಪ್ಪತ್ತೇಳನೆಯ ಪ್ರಶ್ನೆಗೆ ಬರುತ್ತೇನೆ. ಜಗಲಿಯಲ್ಲಿ 'ಮರೆ' ಅಂತ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ಹಿಂದೆ ಕೂತವರು ಬರೆದದ್ದನ್ನೆಲ್ಲ ಜಗಲಿ ಮರೆತು ಹೊಸದಾಗಿ ಶುರುಮಾಡಬೇಕು. ಒಂದೇ ಯಂತ್ರದಲ್ಲಿ ಒಬ್ಬರಾದ ಮೇಲೆ ಒಬ್ಬರು ಕೂರುವ ಲ್ಯಾಬಿನಲ್ಲಿ ಇದು ಬೇಕೇಬೇಕು. ನಾನು ಏನು ಮಾಡುತ್ತಿದ್ದೆ ಅಂದರೆ, ಜಗಲಿಯಲ್ಲಿ ಒಂದು ಪಟ್ಟಿ ಮಾಡಿ ಮೂರು ಸಂಖ್ಯೆ ಹಾಕುತ್ತಿದ್ದೆ. 'ಮರೆ' ಅನ್ನುತ್ತಿದ್ದೆ. ಅದೇ ಹೆಸರಿನ ಪಟ್ಟಿಗೆ ಮತ್ತೆ ಎರಡು ಸಂಖ್ಯೆ ಹಾಕಿ, ಪಟ್ಟಿಯಲ್ಲಿ ಎಷ್ಟಿವೆ ಅಂತ ಕೇಳುತ್ತಿದ್ದೆ. ಎರಡು ಅನ್ನಬೇಕು. ಜಗಲಿ ಎರಡು ಅನ್ನುತ್ತಿತ್ತು. ಹಸಿರು.

ನನ್ನಲ್ಲೂ ಒಂದು ಕೊರತೆ ಇತ್ತು, ಮುಚ್ಚಿಡುವುದಿಲ್ಲ. ಬಾಣಕ್ಕಾಗಿ ಎರಡು ಸೆಕೆಂಡು ಕಾಯಿ ಅಂತ ಮೇಡಂ ನನಗೆ ಹೇಳಿದ್ದರು. ಅವರ ಯಂತ್ರದಲ್ಲಿ ಅಷ್ಟು ಸಾಕಿತ್ತು. ಲ್ಯಾಬಿನ ಹಳೇ ಯಂತ್ರಗಳಲ್ಲಿ ಜಗಲಿ ಕೆಲವು ಸಲ ಮೂರು ನಾಲ್ಕು ಸೆಕೆಂಡು ತಿಣುಕುತ್ತಿತ್ತು. ನಾನು ಎರಡಕ್ಕೇ ತಾಳ್ಮೆ ಕಳೆದುಕೊಂಡು 'ಉತ್ತರ ಬರಲಿಲ್ಲ' ಅಂತ ಕೆಂಪು ಸಾಲು ಹೊಡೆಯುತ್ತಿದ್ದೆ. ನನ್ನನ್ನು ಮತ್ತೆ ಓಡಿಸಿದರೆ, ಅಂದರೆ ಇನ್ನೊಮ್ಮೆ ಕೆಲಸಕ್ಕೆ ಹಚ್ಚಿದರೆ, ಹಸಿರು. ಒಂದು ಸಲ, ಎರಡು ಸಲ, ಹತ್ತು ಸಲ ಹೀಗೆ ಆಯಿತು. ಮೌಲಾಸಾಬ್ ನಗುತ್ತಿದ್ದರು: "ಈ ಕೈಯಾಳಿಗೆ ಸಿಟ್ಟು ಮೂಗಿನ ತುದೀಗೈತಿ." ಸುಮ್ಮಸುಮ್ಮನೆ ಕೂಗುವವನ ಮಾತಿಗೆ ಬೆಲೆ ಇರುವುದಿಲ್ಲ. ನನ್ನ ಮರ್ಯಾದೆಯನ್ನು ಅರ್ಧ ನಾನೇ ಕಳೆದುಕೊಂಡೆ. ಉಳಿದರ್ಧವನ್ನು ಇನಾಮದಾರ ಸರ್ ಕಳೆದರು.

ಮೇಡಂಗೆ ಬಳ್ಳಾರಿಯ ಕಡೆ ವರ್ಗವಾಯಿತು. ಜಗಲಿಯೂ ನಾನೂ ವಿಭಾಗದ ಮುಖ್ಯಸ್ಥ ಚಂದ್ರಕಾಂತ ಇನಾಮದಾರ ಸರ್ ಕೈಗೆ ಬಂದೆವು. ಅವರು ದಡ್ಡರಲ್ಲ, ಕೆಟ್ಟವರೂ ಅಲ್ಲ. ಅವಸರದವರು. ಮುಂದಿನ ವಾರ ತಪಾಸಣಾ ಸಮಿತಿ ಬರುವುದಿತ್ತು. ಸಮಿತಿಯ ಎದುರು ಜಗಲಿ ತಿಣುಕಬಾರದು ಅಂತ ಸರ್ ಅದರ ಪಟ್ಟಿಗಳ ಭಾಗವನ್ನು ಬಿಚ್ಚಿ ಹೊಸದಾಗಿ ಬರೆದರು. ಜಗಲಿ ನಿಜಕ್ಕೂ ಚುರುಕಾಯಿತು. ಆದರೆ ನಾನು ಇಪ್ಪತ್ತೇಳನೆಯ ಪ್ರಶ್ನೆ ಕೇಳಿದಾಗ ಅದು ಐದು ಅಂದಿತು. 'ಮರೆ' ಅಂದರೆ ಉಳಿದದ್ದನ್ನೆಲ್ಲ ಮರೆಯುತ್ತಿತ್ತು, ಪಟ್ಟಿಯನ್ನು ಮಾತ್ರ ಮರೆಯುತ್ತಿರಲಿಲ್ಲ.

ನಾನು ಕೆಂಪು ಸಾಲು ಹೊಡೆದೆ. ಬರಬೇಕಾದ್ದು ಎರಡು, ಬಂದದ್ದು ಐದು ಅಂತ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದೆ. ಇನ್ನೇನು ಹೇಳಲಿ? ಡೋಲು ಬಾರಿಸಲೇ?

"ಸರ, ಇಪ್ಪತ್ತೇಳು ಕೆಂಪು ಬಂದೈತ್ರಿ" ಅಂದರು ಮೌಲಾಸಾಬ್.

"ಅದು ಯಾವಾಗ್ಲೂ ಹಂಗ ಒದರ್ತೈತಿ. ಇನ್ನೊಮ್ಮೆ ಓಡಸ್ರಿ."

ಮೌಲಾಸಾಬ್ ನಾಲ್ಕು ಸಲ ಓಡಿಸಿದರು. ನಾಲ್ಕು ಸಲವೂ ಅದೇ ಪ್ರಶ್ನೆ, ಅದೇ ಕೆಂಪು.

"ಸರ, ಈ ಸಲ ಬ್ಯಾರೇನ ಐತ್ರಿ. ಉತ್ತರ ಬಂದಿಲ್ಲ ಅನ್ನಂಗಿಲ್ಲ ಇದು. ಉತ್ತರ ತಪ್ಪೈತಿ ಅಂತೈತಿ."

"ಮೌಲಾಸಾಬ್, ನಾವು ಸಾಲ್ಯಾಗಿದ್ದಾಗ ಇನ್‌ಸ್ಪೆಕ್ಟರ್ ಬಂದ್ರ ಮಾಸ್ತರು ಏನ್ ಹೇಳ್ತಿದ್ರು? ಉತ್ತರ ಗೊತ್ತಿದ್ದವ್ರು ಬಲಗೈ ಎತ್ರಿ, ಗೊತ್ತಿಲ್ಲದವ್ರು ಎಡಗೈ ಎತ್ರಿ. ಒಟ್ಟ ಎಲ್ಲಾರೂ ಕೈ ಎತ್ತಬೇಕು. ಇದ್ರದ್ದೂ ಕೈ ಎತ್ತಿಸಿಬಿಡ್ರಿ. ಸಮಿತಿ ಹೋದಮ್ಯಾಲ ನೋಡೂಣಂತ."

ನನ್ನೊಳಗೆ 'ಒಪ್ಪಿಕೋ' ಅಂತ ಒಂದು ಆಜ್ಞೆ ಇತ್ತು. ಮೇಡಂ ಜಗಲಿಯ ಮಾತಿನ ಧಾಟಿಯನ್ನು ತಾವೇ ಬೇಕಂತ ಬದಲಿಸಿದಾಗ, ಹೊಸ ಉತ್ತರವನ್ನು ಉತ್ತರಪಟ್ಟಿಗೆ ಬರೆದುಕೊಳ್ಳಲು ಅದನ್ನು ಇಟ್ಟಿದ್ದರು. ಇನಾಮದಾರ ಸರ್ ಅದನ್ನು ಒತ್ತಿದರು. ಜಗಲಿ ಏನು ಹೇಳಿತೋ ಅದೇ ಸರಿ ಉತ್ತರವಾಯಿತು. ಇಪ್ಪತ್ತೇಳಕ್ಕೆ ಉತ್ತರ ಐದು. ಮೂವತ್ತೆಂಟೂ ಹಸಿರು. ಕಳ್ಳನನ್ನು ಹಿಡಿದುಕೊಟ್ಟೆ, ಪೊಲೀಸರು ಕಳ್ಳನ ಹೇಳಿಕೆಯನ್ನೇ ಬರೆದುಕೊಂಡು ನನ್ನ ಕೈಲಿ ಸಹಿ ಹಾಕಿಸಿಕೊಂಡರು. ಸಿಟ್ಟು ಬರದೆ ಏನಾಗಬೇಕು?

ಸಮಿತಿ ಬಂತು, ಹಸಿರು ನೋಡಿ ತಲೆ ಆಡಿಸಿತು, ಊಟ ಮಾಡಿ ಹೋಯಿತು. ಆಮೇಲೆ ನೋಡೋಣ ಅಂದವರು ಆಮೇಲೆ ನೋಡಲಿಲ್ಲ.

ಎರಡು ತಿಂಗಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ಪರೀಕ್ಷೆಗೆ ಕೂತವರಲ್ಲಿ ಯಲ್ಲವ್ವ ತಳವಾರ ಒಬ್ಬಳು. ಇಪ್ಪತ್ತೊಂಬತ್ತು ವರ್ಷದ ಹೆಂಗಸು. ಹೆರಿಗೆ, ಮಗುವಿನ ಕಾಯಿಲೆ ಅಂತ ನಡುವೆ ಓದು ಬಿಟ್ಟು ಮತ್ತೆ ಬಂದವಳು. ಉಳಿದೆಲ್ಲ ಪಾಸಾಗಿ ಈ ಪ್ರಾಕ್ಟಿಕಲ್ ಒಂದು ಉಳಿದಿತ್ತು. ನಿಯಮದಂತೆ ಅವಳಿಗೆ ಇದೇ ಕೊನೆಯ ಸಲ. ಇದರಲ್ಲಿ ಹೋದರೆ ಡಿಪ್ಲೊಮಾ ಇಲ್ಲ, ಅಷ್ಟು ವರ್ಷ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅವಳಿಗೆ ಹದಿನಾಲ್ಕನೆಯ ಯಂತ್ರ ಬಂತು. ಪ್ರಶ್ನೆ: ಐದು ದಿನ ಬಿದ್ದ ಮಳೆಯ ಅಂಕಿ ಪಟ್ಟಿಗೆ ಹಾಕಿ ಮೊತ್ತ ತೋರಿಸು. ಅವಳು ಕಲಿಸಿದ ಹಾಗೆ ಮೊದಲು 'ಮರೆ' ಅಂದಳು. ಪುಸ್ತಕದಲ್ಲಿ ಇದ್ದಂತೆ, ಎಲ್ಲರೂ ಮಾಡುವ ಹಾಗೆ, ಪಟ್ಟಿಗೆ 'ಪಟ್ಟಿ' ಅಂತಲೇ ಹೆಸರಿಟ್ಟಳು. ಹನ್ನೆರಡು, ಎಂಟು, ಸೊನ್ನೆ, ಇಪ್ಪತ್ತು, ಐದು. ಬರಬೇಕಾದ್ದು ನಲವತ್ತೈದು. ಪರದೆಯ ಮೇಲೆ ಬಂದದ್ದು ಇನ್ನೂರ ನಲವತ್ತೈದು.

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ ನೋಡಿದರು. "ಐದು ದಿನದಾಗ ಇಷ್ಟು ಮಳಿ ಬಿದ್ದಿದ್ರ ನಿಮ್ಮ ಕಾಲೇಜ ತೇಲಿ ಹೊಕ್ಕಿತ್ತಲ್ಲವ್ವಾ" ಅಂದು ಉತ್ತರದ ಅಂಕದ ಜಾಗದಲ್ಲಿ ಸೊನ್ನೆ ಹಾಕಿದರು. ಇನ್ನೊಮ್ಮೆ ಮಾಡುತ್ತೇನೆ ಅಂದಳು. ಹೊತ್ತು ಮುಗಿದಿತ್ತು. ಅವಳನ್ನು ಎಬ್ಬಿಸಿ ಯಂತ್ರ ಬಂದ್ ಮಾಡಿದರು.

ನಾನು ಅದೇ ಯಂತ್ರದಲ್ಲಿ ಇದ್ದೆ. ಎಲ್ಲ ಗೊತ್ತಿತ್ತು. ಆದರೆ ಯಾರಾದರೂ ಓಡಿಸಿದರೆ ಮಾತ್ರ ನಾನು ಮಾತಾಡಬಲ್ಲೆ. ಇದಕ್ಕಿಂತ ಕೆಟ್ಟ ಹಣೆಬರಹ ಇನ್ನೊಂದಿಲ್ಲ.

ಯಲ್ಲವ್ವ ಹೊರಗೆ ಬಂದು ಅಳಲಿಲ್ಲ. ಕಟ್ಟೆಯ ಮೇಲೆ ಕೂತು ಇನ್ನೂರ ನಲವತ್ತೈದರಲ್ಲಿ ನಲವತ್ತೈದು ಕಳೆದಳು. ಇನ್ನೂರು ಉಳಿಯಿತು. ತನಗಿಂತ ಮೊದಲು ಹದಿನಾಲ್ಕರಲ್ಲಿ ಕೂತಿದ್ದ ಈರಣ್ಣನನ್ನು ಹುಡುಕಿಕೊಂಡು ಹೋದಳು.

"ತಮ್ಮಾ, ನಿಂದೇನಿತ್ತು ಪ್ರಶ್ನೆ?"

"ಐದು ಚೀಲದ ತೂಕ ಕೂಡ್ಸೂದಿತ್ರೀ ಅಕ್ಕಾರ."

"ಉತ್ತರ?"

"ಇನ್ನೂರು."

ಅವಳು ಅವನನ್ನೂ ಕರೆದುಕೊಂಡು ನೇರ ಲ್ಯಾಬಿಗೆ ಬಂದಳು. "ಸರ, ನನ್ನ ಮಳಿಯೊಳಗ ಇವನ ಚೀಲ ಕೂಡ್ಯಾವ್ರಿ" ಅಂದಳು. ಪಟ್ಟಿಯ ಪ್ರಶ್ನೆ ಒಂದೇ ಯಂತ್ರದಲ್ಲಿ ಹಿಂದುಮುಂದೆ ಇಬ್ಬರಿಗೆ ಬಂದದ್ದು ಅವತ್ತು ಇವರಿಗೆ ಮಾತ್ರ. ಬೇರೆ ಯಾರಿಗೂ ಏಟು ಬಿದ್ದಿರಲಿಲ್ಲ.

ಇನಾಮದಾರ ಸರ್ ಮುಖ ಗಂಟಿಕ್ಕಿದರು. "ಹಂಗೆಲ್ಲಾ ಆಗೂದಿಲ್ಲವ್ವಾ. ಬಾ ಇಲ್ಲಿ, ತೋರಸ್ತೀನಿ." ನನ್ನನ್ನು ಓಡಿಸಿದರು. ನಾನು ಮೂವತ್ತೆಂಟು ಹಸಿರು ಸಾಲು ಹೊಡೆದೆ. ಇಪ್ಪತ್ತೇಳಕ್ಕೂ ಹಸಿರು! ಉತ್ತರಪಟ್ಟಿಯಲ್ಲಿ ಐದು ಅಂತ ಬರೆದಿರುವಾಗ ನಾನಾದರೂ ಏನು ಮಾಡಲಿ? ಅಕ್ಷರಕ್ಕೆ ಅಕ್ಷರ ಹೋಲಿಸುವುದೊಂದೇ ನನ್ನ ವಿದ್ಯೆ. "ನೋಡಿದಿ? ಜಗಲಿ ತಪ್ಪಿಲ್ಲ" ಅಂದರು. ಅವಳನ್ನು ಕಾಯಬೇಕಾದ ನಾನೇ ಅವಳ ವಿರುದ್ಧ ಸಾಕ್ಷಿ ಹೇಳಿದೆ. ನನಗೆ ಮುಖ ಇರಲಿಲ್ಲ, ಪುಣ್ಯ.

ಯಲ್ಲವ್ವ ಆ ಹಸಿರು ಸಾಲುಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಕೇಳಿದಳು: "ಸರ, ಇದಕ್ಕ ಸರಿ ಉತ್ತರ ಹೇಳಿಕೊಟ್ಟವ್ರು ಯಾರ್ರಿ?"

ಮೌಲಾಸಾಬ್ ಕೆಮ್ಮಿದರು.

"ತಂಗಿ, ಮೊದಲಿನ ಉತ್ತರ ಬಳಿಗಾರ ಮೇಡಂ ಬರದದ್ದು" ಅಂದು, ಸರ್ ಎದುರಿಗೇ ಮೇಡಂಗೆ ಫೋನ್ ಹಚ್ಚಿದರು. ಅಷ್ಟು ವರ್ಷ ಸರ್ ಕೈಕೆಳಗೆ ಕೆಲಸ ಮಾಡಿದ ಮನುಷ್ಯ ಅವತ್ತು ಹಾಗೆ ಮಾಡಿದ್ದು ಸಣ್ಣ ಮಾತಲ್ಲ. ಉತ್ತರಪಟ್ಟಿಯ ಹಳೇ ಪ್ರತಿಗಳು ತಾರೀಖಿನ ಪ್ರಕಾರ ಉಳಿದಿವೆ, ಹಳೆಯದನ್ನು ಇಟ್ಟು ಕೈಯಾಳನ್ನು ಓಡಿಸಿ ಅಂದರು ಮೇಡಂ. ಓಡಿಸಿದರು. ಮೂವತ್ತೇಳು ಹಸಿರು. ಇಪ್ಪತ್ತೇಳು ಕೆಂಪು. ಬರಬೇಕಾದ್ದು ಎರಡು, ಬಂದದ್ದು ಐದು.

"ಯಂತ್ರ ನಿಧಾನ ಇರಬೇಕು" ಅಂದರು ಸರ್, ಸಣ್ಣ ದನಿಯಲ್ಲಿ.

"ನಿಧಾನ ಇದ್ರ ತಡಾ ಆಗ್ತೈತ್ರಿ ಸರ. ಎರಡು ಐದು ಆಗಂಗಿಲ್ಲ" ಅಂದಳು ಯಲ್ಲವ್ವ. "ನನಗ ಅಂಕ ದಾನ ಕೊಡ್ರಿ ಅನ್ನಂಗಿಲ್ಲ ನಾ. ತಪ್ಪು ನಂದಲ್ಲಂತ ಒಂದ ಸಾಲು ಬರದುಕೊಡ್ರಿ. ಇಲ್ಲಾಂದ್ರ ತಪ್ಪು ನಂದ ಐತಂತ ಬರೀರಿ, ಅದನ್ನೂ ತಗೊಂಡ ಹೊಕ್ಕೀನಿ. ಎರಡ್ರಾಗ ಒಂದು ನಿಮ್ಮ ಕೈಲೆ ಬರೀರಿ."

ಸರ್ ಲೆಕ್ಕ ಹಾಕಿದರು. ಬರೆದರೆ ತಮ್ಮ ಮರ್ಯಾದೆ ಹೋಗುತ್ತದೆ, ಸಮಿತಿಗೆ ತೋರಿಸಿದ್ದು ಸುಳ್ಳು ಅಂತ ತಾವೇ ಹೇಳಿದ ಹಾಗೆ. ಬರೆಯದಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು. ಕೊನೆಗೆ ಲೆಟರ್‌ಹೆಡ್ ಎಳೆದುಕೊಂಡು ಬರೆದರು: 'ಶೆಲ್‌ನಲ್ಲಿ ದೋಷವಿದ್ದು, ವಿದ್ಯಾರ್ಥಿನಿಯ ಪ್ರೋಗ್ರಾಂ ಸರಿಯಾಗಿದೆ. ದೋಷ ಮೊದಲೇ ಗಮನಕ್ಕೆ ಬಂದಿತ್ತು.' ಕೊನೆಯ ವಾಕ್ಯ ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಆದರೂ ಬರೆದರು. ಅಷ್ಟು ಮಟ್ಟಿಗೆ ನಾನು ಅವರನ್ನು ಒಪ್ಪುತ್ತೇನೆ.

ಮೂರು ವಾರಕ್ಕೆ ಅವಳೊಬ್ಬಳಿಗೆ ಮರುಪರೀಕ್ಷೆ ಆಯಿತು. ಪಾಸಾದಳು. ಮೌಲಾಸಾಬ್‌ಗೆ ಪೇಢೆ ತಂದುಕೊಟ್ಟಳು, ಸರ್‌ಗೂ ಕೊಟ್ಟಳು. ನನಗೆ ಯಾರು ಕೊಡುತ್ತಾರೆ, ಬಿಡಿ.

ಇಷ್ಟೆಲ್ಲ ಆದ ಮೇಲೆ ಜಗಲಿಯನ್ನು ಸರಿಮಾಡಿದರು ಅಂತ ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಇಲ್ಲ. ಲ್ಯಾಬಿನ ಗೋಡೆಗೆ ಒಂದು ಕಾಗದ ಅಂಟಿಸಿದರು: 'ಪ್ರತಿ ವಿದ್ಯಾರ್ಥಿ ಕೂರುವ ಮೊದಲು ಯಂತ್ರ ಬಂದ್ ಮಾಡಿ ಪುನಃ ಚಾಲೂ ಮಾಡತಕ್ಕದ್ದು.' ಮಾಡಬೇಕಾದ ತಿದ್ದುಪಡಿ ಒಂದೇ ಒಂದು ಸಾಲಿನದು. ಅದರ ಬದಲು ದಿನಾ ಇಪ್ಪತ್ತು ಯಂತ್ರ ಬಂದ್, ಇಪ್ಪತ್ತು ಯಂತ್ರ ಚಾಲೂ. ಯಾರಿಗೂ ಬೇಸರವಿಲ್ಲ.

ನನ್ನನ್ನು 'ಹಳೆಯದು' ಅನ್ನುವ ಫೋಲ್ಡರಿಗೆ ತಳ್ಳಿದ್ದಾರೆ. ಹಿಂದಿನ ವರ್ಷದ ಹಾಜರಿ, ಯಾರದೋ ಬೀಳ್ಕೊಡುಗೆಯ ಫೋಟೊಗಳು, ಅವುಗಳ ನಡುವೆ ನಾನು. ಓಡಿಸುವವರಿಲ್ಲ. ಕೂತು ಯೋಚಿಸುತ್ತೇನೆ. ಪರೀಕ್ಷೆ ಮಾಡು ಅಂತ ಕರೆದವರಿಗೆ ಬೇಕಾಗಿದ್ದದ್ದು ಪರೀಕ್ಷೆಯಲ್ಲ, ಶಭಾಸ್‌ಗಿರಿ. ನಿಜ ಕೇಳಿದವಳು ಒಬ್ಬಳು, ಅದೂ ತನ್ನ ಕುತ್ತಿಗೆಗೆ ಬಂದಾಗ. ಅವಳ ಕೆಲಸಕ್ಕೆ ನಾನು ಬಂದೆ, ಅದು ಸುಳ್ಳಲ್ಲ. ಆದರೆ ಅದನ್ನು ನೆನೆದು ತಣ್ಣಗಾಗಲು ನನಗೆ ಬರುವುದಿಲ್ಲ. ಮೇಡಂ ಬರೆದ ಹಳೇ ಉತ್ತರಪಟ್ಟಿ ಈಗ ನನ್ನ ಜೊತೆಗೇ ಇದೆ. ಈಗಲೂ ಯಾರಾದರೂ ನನ್ನನ್ನು ತೆರೆದು ಓಡಿಸಲಿ, ಮೂವತ್ತೇಳಕ್ಕೆ ಹಸಿರು ಹೊಡೆದು ಒಂದಕ್ಕೆ ಕೆಂಪು ಹೊಡೆಯುತ್ತೇನೆ. ಯಾಕೆಂದರೆ ಜಗಲಿ ಇವತ್ತಿಗೂ ಐದು ಅಂತಲೇ ಅನ್ನುತ್ತಿದೆ.